ಪ್ಲೇಗನ್ನು ಎದುರಿಸಿದ ಹಾಫ್‌ಕಿನ್ ಮತ್ತು ಒಂದು ಸೀಸೆಯ ಅಪವಾದ

ನಮ್ಮ ಹಿರಿಯರು ವೈದ್ಯನನ್ನು ದೇವರಿಗೆ ಸಮಾನನೆಂದು ಭಾವಿಸಿದ್ದರು. ಒಬ್ಬ ವೈದ್ಯನಿಂದ ನಾಲ್ಕು ಜನರಿಗೆ ಗುಣವಾದರೆ ಅವನ ಕೈಗುಣ ಒಳ್ಳೆಯದೆಂದು ಊರಿಗೆ ಊರೇ ಕೊಂಡಾಡುತ್ತಿತ್ತು. ಆದರೆ ವೈದ್ಯರೂ ದಾದಿಯರೂ ಮದ್ದು ತಯಾರಿಸುವವರೂ ಮನುಷ್ಯರೇ. ನೂರಾರು ಜನ ಸಾಲುಗಟ್ಟಿ ನಿಂತಿರುವಾಗ, ರೋಗ ಬಾಗಿಲಲ್ಲಿ ಕಾದಿರುವಾಗ, ಅವಸರದಲ್ಲಿ ನಡೆಯುವ ಒಂದು ಸಣ್ಣ ಅಜಾಗ್ರತೆಯು ಪ್ರಾಣಾಪಾಯಕ್ಕೆ ಕಾರಣವಾಗಬಹುದು. ಅಂಥ ತಪ್ಪು ನಡೆದಾಗ ಸಮಾಜವು ಹೇಗೆ ನಡೆದುಕೊಳ್ಳಬೇಕು? ಯಾರು ಮಾಡಿದರೆಂದು ಕೇಳಿ ಒಬ್ಬರನ್ನು ಹಿಡಿದು ದೂರಿದರೆ ಸಾಕೇ? ಅಥವಾ ಅದು ಹೇಗೆ ನಡೆಯಿತೆಂದು ಬುಡದವರೆಗೂ ಹುಡುಕಬೇಕೇ?

ಈ ಪ್ರಶ್ನೆಗೆ ಉತ್ತರವೆಂಬಂತಿದೆ ವಾಲ್ಡೆಮಾರ್ ಹಾಫ್‌ಕಿನ್ ಎಂಬ ವಿಜ್ಞಾನಿಯ ಜೀವನ. ದೂರದ ದೇಶದಲ್ಲಿ ಹುಟ್ಟಿ, ನಮ್ಮ ದೇಶಕ್ಕೆ ಬಂದು, ಕಾಲರಾ ಮತ್ತು ಪ್ಲೇಗುಗಳಿಂದ ಲಕ್ಷಾಂತರ ಜನರನ್ನು ರಕ್ಷಿಸಲು ಶ್ರಮಿಸಿದ ಅವರು, ತಾವು ಮಾಡದ ಒಂದು ತಪ್ಪಿಗಾಗಿ ಐದು ವರ್ಷ ಅಪವಾದವನ್ನು ಹೊತ್ತರು. ಅವರ ಕತೆಯನ್ನು ವಿದ್ಯಾರ್ಥಿಗಳೂ ತಂದೆತಾಯಂದಿರೂ ತಿಳಿಯುವುದು ಅವಶ್ಯ.

ಜನನ ಮತ್ತು ವಿದ್ಯಾಭ್ಯಾಸ

ಹಾಫ್‌ಕಿನ್ ಅವರು 1860ನೆಯ ಇಸವಿ ಮಾರ್ಚ್ 15ರಂದು ಕಪ್ಪು ಸಮುದ್ರದ ದಂಡೆಯ ಒಡೆಸ್ಸಾ ನಗರದಲ್ಲಿ ಜನಿಸಿದರು. ಆ ನಗರವು ಆಗ ರಷ್ಯಾ ಸಾಮ್ರಾಜ್ಯಕ್ಕೆ ಸೇರಿತ್ತು. ಈಗ ಯುಕ್ರೇನ್ ದೇಶದಲ್ಲಿದೆ. ಅವರದು ಯೆಹೂದ್ಯ ವ್ಯಾಪಾರಿ ಕುಟುಂಬ. ಒಡೆಸ್ಸಾದ ವಿಶ್ವವಿದ್ಯಾಲಯದಲ್ಲಿ ಅವರು ಪ್ರಾಣಿಶಾಸ್ತ್ರವನ್ನು ಅಭ್ಯಸಿಸಿದರು. ಅಲ್ಲಿ ಅವರಿಗೆ ಗುರುಗಳಾಗಿ ದೊರೆತವರು ಇಲ್ಯಾ ಮೆಚ್ನಿಕಾಫ್. ನಮ್ಮ ರಕ್ತದ ಬಿಳಿಯ ಕಣಗಳು ರೋಗಾಣುಗಳನ್ನು ನುಂಗಿ ನಾಶಮಾಡುತ್ತವೆಂದು ಕಂಡುಹಿಡಿದು, ಮುಂದೆ 1908ರಲ್ಲಿ ನೊಬೆಲ್ ಪಾರಿತೋಷಕ ಪಡೆದವರು ಅವರೇ.

ಅದು ರಷ್ಯಾದಲ್ಲಿ ಯೆಹೂದ್ಯರಿಗೆ ಕಷ್ಟದ ಕಾಲ. 1881ರಲ್ಲಿ ಅವರ ಮನೆಗಳ ಮೇಲೆ ಗುಂಪುಗಳು ದಾಳಿ ಮಾಡಿದಾಗ ತರುಣ ಹಾಫ್‌ಕಿನ್ ತಮ್ಮವರ ರಕ್ಷಣೆಗೆ ನಿಂತು ಗಾಯಗೊಂಡರು, ಸೆರೆಯಾದರು. ಗುರುಗಳ ಪ್ರಯತ್ನದಿಂದ ಬಿಡುಗಡೆ ದೊರೆಯಿತು. ಮತಾಂತರಗೊಂಡಿದ್ದರೆ ಅವರಿಗೆ ಅಧ್ಯಾಪಕ ಪದವಿ ಸಿಕ್ಕುತ್ತಿತ್ತು. ಅದಕ್ಕೆ ಅವರು ಒಪ್ಪಲಿಲ್ಲ. ಕೆಲಕಾಲ ಒಡೆಸ್ಸಾದ ಪ್ರಾಣಿ ಸಂಗ್ರಹಾಲಯದಲ್ಲಿ ದುಡಿದು, 1888ರಲ್ಲಿ ಸ್ವದೇಶವನ್ನು ಬಿಟ್ಟು ಜಿನೀವಾಕ್ಕೆ ಹೋದರು. ಮರುವರ್ಷ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯನ್ನು ಸೇರಿದರು. ಅಲ್ಲಿ ಆಗ ಖಾಲಿಯಿದ್ದದ್ದು ಪುಸ್ತಕ ಭಂಡಾರದ ಕೆಲಸ ಮಾತ್ರ. ವಿದ್ವಾಂಸರಾದ ಅವರು ಆ ಚಿಕ್ಕ ಹುದ್ದೆಯನ್ನು ಸಂತೋಷದಿಂದಲೇ ಒಪ್ಪಿಕೊಂಡರು. ಪುಸ್ತಕಗಳ ಕೆಲಸ ಮುಗಿದ ಮೇಲೆ ಪ್ರಯೋಗಶಾಲೆಯಲ್ಲಿ ರೋಗಾಣುಗಳ ಅಭ್ಯಾಸ ನಡೆಯುತ್ತಿತ್ತು.

ತಮ್ಮ ಮೈಮೇಲೆಯೇ ಮೊದಲ ಪ್ರಯೋಗ

ಆಗ ಯೂರೋಪಿನಲ್ಲಿಯೂ ಏಷ್ಯಾದಲ್ಲಿಯೂ ಕಾಲರಾ ಹಾವಳಿ ನಡೆದಿತ್ತು. ಹಾಫ್‌ಕಿನ್ ಅವರು ಕಾಲರಾ ರೋಗಾಣುವನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿ, ಅದರಿಂದ ಚುಚ್ಚುಮದ್ದೊಂದನ್ನು ಸಿದ್ಧಪಡಿಸಿದರು. ಪ್ರಾಣಿಗಳ ಮೇಲೆ ಅದು ಫಲ ಕೊಟ್ಟಿತು. ಆದರೆ ಮನುಷ್ಯನಿಗೆ ಅದು ನಿರಪಾಯವೇ? 1892ರ ಜುಲೈ 18ರಂದು ಅವರು ಮದ್ದನ್ನು ತಮ್ಮ ಮೈಗೇ ಚುಚ್ಚಿಕೊಂಡರು. ಜ್ವರ ಬಂದು ಇಳಿಯಿತು. ಅನಂತರ ಸ್ನೇಹಿತರು ಕೆಲವರು ತಾವಾಗಿ ಮುಂದೆ ಬಂದು ಚುಚ್ಚಿಸಿಕೊಂಡರು. ಬೇರೆಯವರಿಗೆ ಕೊಡುವ ಮದ್ದನ್ನು ಮೊದಲು ತಾನು ತೆಗೆದುಕೊಂಡು ನೋಡಬೇಕೆಂಬುದು ಅವರು ಜೀವನದುದ್ದಕ್ಕೂ ಪಾಲಿಸಿದ ನಿಯಮ.

ಹಿಂದೆ ಭಾರತದ ವೈಸರಾಯರಾಗಿದ್ದ ಲಾರ್ಡ್ ಡಫರಿನ್ ಆಗ ಪ್ಯಾರಿಸ್ಸಿನಲ್ಲಿ ಬ್ರಿಟಿಷ್ ರಾಯಭಾರಿಯಾಗಿದ್ದರು. ಕಾಲರಾದ ತವರೆನಿಸಿದ್ದ ಭಾರತದಲ್ಲಿ ಈ ಮದ್ದನ್ನು ಪರೀಕ್ಷಿಸಲು ಅವರ ಸಹಾಯದಿಂದ ಅನುಮತಿ ದೊರೆಯಿತು. 1893ರ ಮಾರ್ಚಿಯಲ್ಲಿ ಹಾಫ್‌ಕಿನ್ ಕಲ್ಕತ್ತೆಗೆ ಬಂದಿಳಿದರು.

ಕಲ್ಕತ್ತೆಯ ಬಡವರ ಕೇರಿಗಳಲ್ಲಿ ಪರದೇಶದ ಮನುಷ್ಯನೊಬ್ಬ ಸೂಜಿ ಹಿಡಿದು ಬಂದರೆ ಜನ ಹೆದರುವುದು ಸಹಜ. ಆದರೂ ಅವರು ತಾಳ್ಮೆಗೆಡಲಿಲ್ಲ. 1894ರಲ್ಲಿ ಕಟ್ಟಲ್ ಬಗಾನ್ ಎಂಬ ಕೇರಿಯಲ್ಲಿ ಕಾಲರಾ ಕಾಣಿಸಿಕೊಂಡಾಗ ಅಲ್ಲಿಯ ಸುಮಾರು 200 ಜನರ ಪೈಕಿ 116 ಮಂದಿ ಚುಚ್ಚಿಸಿಕೊಂಡರು. ಮುಂದೆ ಆ ಕೇರಿಯಲ್ಲಿ ಇನ್ನೂ 10 ಜನರಿಗೆ ರೋಗ ತಗಲಿತು. ಆ ಹತ್ತು ಮಂದಿಯೂ ಚುಚ್ಚಿಸಿಕೊಳ್ಳದೆ ಉಳಿದವರೇ ಆಗಿದ್ದರು. ಸುದ್ದಿ ಹರಡಿತು. ಎರಡು ವರ್ಷಗಳಲ್ಲಿ ಆಗ್ರಾದಿಂದ ಅಸ್ಸಾಮಿನ ಚಹಾ ತೋಟಗಳವರೆಗೆ ನಲವತ್ತು ಸಾವಿರಕ್ಕೂ ಹೆಚ್ಚು ಜನ ಮದ್ದು ಹಾಕಿಸಿಕೊಂಡರು. ಅಷ್ಟರಲ್ಲಿ ಮಲೇರಿಯಾದಿಂದ ಹಾಫ್‌ಕಿನ್ ಅವರ ಆರೋಗ್ಯ ಕೆಟ್ಟಿತು. ಇಂಗ್ಲೆಂಡಿಗೆ ಹೋಗಿ ಸುಧಾರಿಸಿಕೊಂಡು 1896ರಲ್ಲಿ ಅವರು ಮತ್ತೆ ಭಾರತಕ್ಕೆ ಬಂದರು.

ಮುಂಬಯಿಯಲ್ಲಿ ಮಹಾಮಾರಿ

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿ ಬಂದರಿನ ಬಳಿ ವೈದ್ಯರಾದ ಅಕಾಸಿಯೊ ವೇಗಸ್ ಅವರು ಪ್ಲೇಗನ್ನು ಗುರುತಿಸಿದರು. ಕಂಕುಳಲ್ಲಿ, ತೊಡೆಸಂದಿಯಲ್ಲಿ ಗಡ್ಡೆ ಎದ್ದು, ಉರಿಜ್ವರ ಬಂದು, ಕೆಲವೇ ದಿನಗಳಲ್ಲಿ ರೋಗಿ ಸಾಯುತ್ತಿದ್ದ. ಜನ ನಗರವನ್ನೇ ಬಿಟ್ಟು ಓಡತೊಡಗಿದರು. ಸರಕಾರವು ಹಾಫ್‌ಕಿನ್ ಅವರನ್ನು ಕರೆಯಿಸಿತು.

ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಅವರಿಗೆ ಒಂದು ಸಣ್ಣ ಕೋಣೆ, ಒಬ್ಬ ಗುಮಾಸ್ತ, ಮೂವರು ಜವಾನರು ದೊರೆತರು. ಅಷ್ಟರಲ್ಲಿಯೇ ಹಗಲಿರುಳು ಕೆಲಸ ಸಾಗಿತು. ಗಾಜಿನ ಪಾತ್ರೆಯಲ್ಲಿ ಸಾರು ತುಂಬಿ, ಮೇಲೆ ಸ್ವಲ್ಪ ತುಪ್ಪ ತೇಲಿಬಿಟ್ಟರೆ, ಆ ತುಪ್ಪದ ಹನಿಗಳನ್ನು ಹಿಡಿದುಕೊಂಡು ಪ್ಲೇಗಿನ ರೋಗಾಣುಗಳು ಬಿಳಲುಗಳಂತೆ ಕೆಳಗೆ ಇಳಿದು ಬೆಳೆಯುವುದನ್ನು ಅವರು ಕಂಡರು. ಹೀಗೆ ಬೆಳೆಸಿದ ರೋಗಾಣುಗಳನ್ನು ಕಾಯಿಸಿ ಕೊಂದು ಚುಚ್ಚುಮದ್ದು ಮಾಡಿದರು. ಮೂರೇ ತಿಂಗಳಲ್ಲಿ ಮದ್ದು ಸಿದ್ಧವಾಯಿತು. 1897ರ ಜನವರಿ 10ರಂದು, ಎಂದಿನಂತೆ, ಮೊದಲ ಚುಚ್ಚು ಅವರ ಮೈಗೇ ಬಿತ್ತು.

ಅದೇ ತಿಂಗಳ ಕೊನೆಗೆ ಮುಂಬಯಿಯ ಬೈಕಲಾ ಸೆರೆಮನೆಯಲ್ಲಿ ಪ್ಲೇಗು ಕಾಣಿಸಿತು. ಕೈದಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ತಾವಾಗಿ ಚುಚ್ಚಿಸಿಕೊಂಡರು. ಅನಂತರದ ದಿನಗಳಲ್ಲಿ ಮದ್ದು ಹಾಕಿಸಿಕೊಳ್ಳದವರಲ್ಲಿ 12 ಜನರಿಗೆ ರೋಗ ಬಂದು 6 ಮಂದಿ ತೀರಿಕೊಂಡರು. ಹಾಕಿಸಿಕೊಂಡವರಲ್ಲಿ 2 ಜನರಿಗೆ ಮಾತ್ರ ರೋಗ ಬಂದಿತು, ಯಾರೂ ಸಾಯಲಿಲ್ಲ. ಮದ್ದು ಪೂರ್ಣ ರಕ್ಷಣೆ ಕೊಡುತ್ತಿರಲಿಲ್ಲ. ಚುಚ್ಚಿಸಿಕೊಂಡವರಿಗೆ ಒಂದೆರಡು ದಿನ ಜ್ವರವೂ ತೋಳುನೋವೂ ಬರುತ್ತಿದ್ದವು. ಆದರೂ ಸಾವಿನ ಸಂಖ್ಯೆಯನ್ನು ಅದು ಬಹಳವಾಗಿ ಇಳಿಸುತ್ತಿತ್ತು. ಆಗಾಖಾನರು ತಮ್ಮ ಸಮುದಾಯದವರ ಎದುರಿನಲ್ಲಿಯೇ ಚುಚ್ಚಿಸಿಕೊಂಡು ಜನರ ಭಯವನ್ನು ಕಳೆದರು. 1899ರಲ್ಲಿ ಪರೇಲಿನ ಹಳೆಯ ಸರಕಾರಿ ಭವನವು ಪ್ಲೇಗು ಪ್ರಯೋಗಶಾಲೆಯಾಯಿತು. ಹಾಫ್‌ಕಿನ್ ಅದರ ಮುಖ್ಯಸ್ಥರಾದರು.

ಕನ್ನಡ ನಾಡಿನಲ್ಲಿ ಪ್ಲೇಗು

ಪ್ಲೇಗು ಮುಂಬಯಿಯಲ್ಲಿಯೇ ನಿಲ್ಲಲಿಲ್ಲ. ಸರಕಿನ ಮೂಟೆಗಳೊಡನೆ, ಇಲಿಗಳೊಡನೆ, ರೈಲುದಾರಿ ಹಿಡಿದು ದಕ್ಷಿಣಕ್ಕೆ ಬಂದಿತು. ಇಲಿಯ ಮೈಮೇಲಿನ ಚಿಗಟದಿಂದ ರೋಗ ಹರಡುತ್ತದೆಂದು ವಿಜ್ಞಾನಿ ಸಿಮಂಡ್ 1898ರಲ್ಲಿ ತೋರಿಸಿಕೊಟ್ಟರೂ, ಎಲ್ಲರೂ ಅದನ್ನು ಒಪ್ಪಲು ಇನ್ನೂ ಕೆಲವು ವರ್ಷ ಬೇಕಾಯಿತು. ಆದರೆ ಹಳ್ಳಿಯ ಜನ ತಮ್ಮ ಅನುಭವದಿಂದಲೇ ಒಂದು ಪಾಠ ಕಲಿತಿದ್ದರು. ಮನೆಯಲ್ಲಿ ಇಲಿ ಬಿದ್ದರೆ ಊರು ಬಿಟ್ಟು, ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿದ್ದರು.

ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಹುಬ್ಬಳ್ಳಿಯಲ್ಲಿ 1898ರಲ್ಲಿ ಪ್ಲೇಗು ಉಗ್ರರೂಪ ತಾಳಿತು. ಆ ಒಂದು ಪಟ್ಟಣದಲ್ಲಿಯೇ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಹಾಫ್‌ಕಿನ್ನರ ಮದ್ದನ್ನು ಹಾಕಿಸಿಕೊಂಡರು. ಹಾಕಿಸಿಕೊಂಡವರಲ್ಲಿ ಸಾವು ಬಹಳ ಕಡಿಮೆಯೆಂದು ವೈದ್ಯರ ಲೆಕ್ಕಗಳು ತೋರಿಸಿದವು. ಈ ಮದ್ದಿನ ಗುಣವನ್ನು ದೊಡ್ಡ ಪ್ರಮಾಣದಲ್ಲಿ ಜಗತ್ತಿಗೆ ತೋರಿಸಿದ ಊರುಗಳಲ್ಲಿ ನಮ್ಮ ಹುಬ್ಬಳ್ಳಿಯೂ ಒಂದು.

ಅದೇ ವರ್ಷ ಆಗಸ್ಟಿನಲ್ಲಿ ಪ್ಲೇಗು ಬೆಂಗಳೂರಿಗೆ ಬಂದಿತು. ಪೇಟೆಯ ಇಕ್ಕಟ್ಟಾದ ಬೀದಿಗಳಲ್ಲಿ ಸಾವಿರಾರು ಜನ ಸತ್ತರು. ಗಾಳಿ ಬೆಳಕು ಚೆನ್ನಾಗಿರುವ ಹೊಸ ಬಡಾವಣೆಗಳು ಬೇಕೆಂದು ಮಲ್ಲೇಶ್ವರ, ಬಸವನಗುಡಿಗಳು ರೂಪುಗೊಂಡದ್ದು ಆಗಲೇ. ಬೆಂಗಳೂರಿಗೆ ಹೊಂದಿಕೊಂಡ ಹೊಸೂರು, ಕೃಷ್ಣಗಿರಿ ಸೀಮೆಗಳು ಆ ಕಾಲದಲ್ಲಿ ನಮ್ಮ ಸೇಲಂ ಜಿಲ್ಲೆಯಲ್ಲಿಯೇ ಇದ್ದವು. ನೆಂಟಸ್ತಿಕೆ, ವ್ಯಾಪಾರ, ನೇಯ್ಗೆಯ ಕಸುಬು ಎಲ್ಲವೂ ಎರಡು ಕಡೆಗಳನ್ನು ಬೆಸೆದಿದ್ದವು. ಮೈಸೂರು ಸೀಮೆಯಿಂದ ಮದರಾಸು ಪ್ರಾಂತ್ಯಕ್ಕೆ ಬರುವ ರೈಲು ಪ್ರಯಾಣಿಕರು ತಪಾಸಣೆಗೆ ಒಳಗಾಗಿ, ಪ್ಲೇಗಿನ ಪಾಸುಗಳನ್ನು ಪಡೆದು ಸಾಗಬೇಕಾಗಿತ್ತು.

ಮಲ್ಕೋವಾಲ್ ಎಂಬ ಹಳ್ಳಿಯಲ್ಲಿ

1902ರಲ್ಲಿ ಪಂಜಾಬಿನಲ್ಲಿ ಪ್ಲೇಗು ಹೆಚ್ಚಿತು. ಅಲ್ಲಿಯ ಸರಕಾರವು ಲಕ್ಷಗಟ್ಟಲೆ ಜನರಿಗೆ ಚುಚ್ಚುಮದ್ದು ಹಾಕಲು ನಿರ್ಧರಿಸಿ, ಪರೇಲಿನ ಪ್ರಯೋಗಶಾಲೆಯಿಂದ ಅಪಾರ ಪ್ರಮಾಣದ ಮದ್ದನ್ನು ಕೇಳಿತು. ಬೇಗ ಬೇಗ ತಯಾರಿಸುವುದಕ್ಕಾಗಿ ಹಾಫ್‌ಕಿನ್ ಅವರು ವಿಧಾನದಲ್ಲಿ ಕೆಲವು ಬದಲಾವಣೆ ಮಾಡಿದ್ದರು. ಅವುಗಳಲ್ಲಿ ಒಂದು, ಮದ್ದಿಗೆ ಬೆರೆಸುತ್ತಿದ್ದ ಕಾರ್ಬಾಲಿಕ್ ಆಮ್ಲವನ್ನು ಬಿಟ್ಟು, ಕಾಯಿಸಿ ಶುದ್ಧಿಮಾಡುವುದನ್ನೇ ನೆಚ್ಚಿಕೊಂಡದ್ದು. ಈ ಸಂಗತಿಯನ್ನು ಓದುಗರು ನೆನಪಿಡಬೇಕು.

ಅಕ್ಟೋಬರ್ 30ರಂದು ಮಲ್ಕೋವಾಲ್ ಎಂಬ ಹಳ್ಳಿಯಲ್ಲಿ ಚುಚ್ಚುಮದ್ದಿನ ಶಿಬಿರ ನಡೆಯಿತು. ಆ ಊರು ಈಗ ಪಾಕಿಸ್ತಾನದಲ್ಲಿದೆ. ಅಂದು 107 ಜನರಿಗೆ ಮದ್ದು ಹಾಕಲಾಯಿತು. ಒಂದೊಂದು ಸೀಸೆಯಲ್ಲಿಯೂ ಹಲವರಿಗೆ ಆಗುವಷ್ಟು ಮದ್ದಿತ್ತು. ಒಂದು ಸೀಸೆ ಮುಗಿದ ಮೇಲೆ ಇನ್ನೊಂದರ ಬಿರಡೆಯನ್ನು ಕಿತ್ತು ತೆರೆಯಬೇಕಾಗಿತ್ತು. ಎಲ್ಲರೂ ಮನೆಗೆ ಹೋದರು. ಸುಮಾರು ಒಂದು ವಾರದಲ್ಲಿ ಕೆಲವರಿಗೆ ದವಡೆ ಬಿಗಿಯಿತು, ಮೈ ಬಿಲ್ಲಿನಂತೆ ಸೆಟೆಯಿತು. ಅದು ಪ್ಲೇಗಾಗಿರಲಿಲ್ಲ, ಧನುರ್ವಾಯು. ಒಬ್ಬರಾದ ಮೇಲೊಬ್ಬರಂತೆ 19 ಜನರು ತೀರಿಕೊಂಡರು. ಪ್ಲೇಗಿನಿಂದ ಉಳಿಯುತ್ತೇವೆಂದು ನಂಬಿ ತೋಳು ಚಾಚಿದ್ದ ಆ ಹಳ್ಳಿಗರ ಮನೆಗಳಲ್ಲಿ ಕವಿದ ದುಃಖವನ್ನು ಯಾರೂ ಮರೆಯಬಾರದು.

ದಾಖಲೆಗಳನ್ನು ನೋಡಿದಾಗ ಒಂದು ಸಂಗತಿ ಸ್ಪಷ್ಟವಾಯಿತು. ಸತ್ತ 19 ಮಂದಿಗೂ ಮದ್ದು ಹಾಕಿದ್ದು ಒಂದೇ ಸೀಸೆಯಿಂದ. ಆ ಸೀಸೆಯ ಗುರುತು 53 ಎನ್. ಅಂದೇ ತೆರೆದ ಉಳಿದ ಸೀಸೆಗಳ ಮದ್ದಿನಿಂದ ಯಾರಿಗೂ ಧನುರ್ವಾಯು ಬರಲಿಲ್ಲ. ಪ್ರತಿಯೊಂದು ಸೀಸೆಗೂ ಒಂದು ಗುರುತು, ಪ್ರತಿಯೊಬ್ಬರ ಹೆಸರಿನ ಮುಂದೆ ಸೀಸೆಯ ಲೆಕ್ಕ ಇದ್ದದ್ದರಿಂದಲೇ ಇಷ್ಟು ತಿಳಿಯಲು ಸಾಧ್ಯವಾಯಿತು. ಆದರೆ ಆ ಸೀಸೆಯೊಳಗೆ ಧನುರ್ವಾಯುವಿನ ರೋಗಾಣು ಎಲ್ಲಿ ಸೇರಿತು? ಮುಂಬಯಿಯಲ್ಲಿ ತುಂಬುವಾಗಲೋ, ಮಲ್ಕೋವಾಲಿನಲ್ಲಿ ತೆರೆಯುವಾಗಲೋ?

ವಿಚಾರಣೆಯೂ ಅಪವಾದವೂ

ಸರಕಾರವು ಮುಂಬಯಿ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಾಧೀಶರಾದ ಸರ್ ಲಾರೆನ್ಸ್ ಜೆಂಕಿನ್ಸ್ ಅವರ ಅಧ್ಯಕ್ಷತೆಯಲ್ಲಿ ವಿಚಾರಣಾ ಮಂಡಲಿಯನ್ನು ನೇಮಿಸಿತು. ಸೀಸೆಯನ್ನು ತೆರೆಯುವ ಮೊದಲೇ, ಅಂದರೆ ಪ್ರಯೋಗಶಾಲೆಯಲ್ಲಿಯೇ, ಮದ್ದು ಕೆಟ್ಟಿತ್ತೆಂದು ಆ ಮಂಡಲಿ ಅಭಿಪ್ರಾಯಪಟ್ಟಿತು. ಕಾರ್ಬಾಲಿಕ್ ಆಮ್ಲವನ್ನು ಬಿಟ್ಟದ್ದೇ ದೊಡ್ಡ ದೋಷವಾಗಿ ಕಂಡಿತು. ಹಾಫ್‌ಕಿನ್ ಅವರನ್ನು ಪ್ರಯೋಗಶಾಲೆಯ ಅಧಿಕಾರದಿಂದ ದೂರವಿಡಲಾಯಿತು. 1904ರಲ್ಲಿ ಅವರು ಇಂಗ್ಲೆಂಡಿಗೆ ಹೊರಟುಹೋದರು. ಅವರು ವೈದ್ಯಪದವಿ ಪಡೆದವರಲ್ಲ, ಪ್ರಾಣಿಶಾಸ್ತ್ರಜ್ಞರು. ಆಂಗ್ಲರೂ ಅಲ್ಲ, ರಷ್ಯಾದಿಂದ ಬಂದ ಯೆಹೂದ್ಯರು. ಈ ಸಂಗತಿಗಳೂ ಅವರ ವಿರುದ್ಧ ಕೆಲಸ ಮಾಡಿದವೆಂದು ಅವರ ಜೀವನವನ್ನು ಅಭ್ಯಾಸ ಮಾಡಿದವರು ಅಭಿಪ್ರಾಯಪಟ್ಟಿದ್ದಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆಂಬ ಗಾದೆ ಇಲ್ಲಿ ನೆನಪಾಗುತ್ತದೆ.

ಆದರೆ ಸಾಕ್ಷ್ಯದಲ್ಲಿ ಒಂದು ಸಣ್ಣ ಸಂಗತಿ ಅಡಗಿತ್ತು. ಅಂದು ಸೀಸೆಯನ್ನು ತೆರೆಯುವ ಮೊದಲು ಸಹಾಯಕನೊಬ್ಬನ ಕೈಯಿಂದ ಚಿಮಟ ನೆಲಕ್ಕೆ ಬಿದ್ದಿತ್ತು. ಅದನ್ನು ಎತ್ತಿ ಕಾರ್ಬಾಲಿಕ್ ನೀರಿನಲ್ಲಿ ಒಮ್ಮೆ ಅಲ್ಲಾಡಿಸಿ, ಬೆಂಕಿಯಲ್ಲಿ ಕಾಯಿಸದೆಯೇ, ಆ ಸೀಸೆಯ ಬಿರಡೆಯನ್ನು ಕೀಳಲು ಬಳಸಲಾಗಿತ್ತು. ದನಕರುಗಳು ಓಡಾಡುವ ಹಳ್ಳಿಯ ಮಣ್ಣಿನಲ್ಲಿ, ಸಗಣಿಯಲ್ಲಿ ಧನುರ್ವಾಯುವಿನ ಬೀಜಕಣಗಳು ವರ್ಷಾನುಗಟ್ಟಲೆ ಬದುಕಿರುತ್ತವೆ. ಒಂದು ಕ್ಷಣ ಕಾರ್ಬಾಲಿಕ್ ನೀರಿನಲ್ಲಿ ಅದ್ದಿದರೆ ಅವು ಸಾಯುವುದಿಲ್ಲ.

ಲಂಡನ್ನಿನ ಲಿಸ್ಟರ್ ಸಂಸ್ಥೆಯ ತಜ್ಞರು ಈ ವಿಷಯವನ್ನೆಲ್ಲ ಪರಿಶೀಲಿಸಿದರು. ರೋಗಾಣು ಮುಂಬಯಿಯಲ್ಲಿಯೇ ಸೇರಿದ್ದರೆ, ಮುಚ್ಚಿದ ಸೀಸೆಯಲ್ಲಿ ವಾರಗಟ್ಟಲೆ ಬೆಳೆದು, ತೆರೆದೊಡನೆ ದುರ್ವಾಸನೆ ಹೊಡೆಯಬೇಕಾಗಿತ್ತು. ಅಂಥ ವಾಸನೆ ಇರಲಿಲ್ಲವೆಂದು ಮದ್ದು ಹಾಕಿದ ವೈದ್ಯರೇ ಸಾಕ್ಷಿ ನುಡಿದಿದ್ದರು. ಅಲ್ಲದೆ ಸೀಸೆಯಲ್ಲಿ ವಿಷ ತುಂಬಿಕೊಂಡಿದ್ದರೆ ರೋಗ ಇನ್ನೂ ಬೇಗನೆ ತಲೆದೋರಬೇಕಾಗಿತ್ತು. ಇಲ್ಲಿ ಅದು ತಡವಾಗಿ, ಹೊಸದಾಗಿ ಮಣ್ಣು ತಾಗಿದ ಗಾಯದಲ್ಲಿ ಬರುವ ರೀತಿಯಲ್ಲಿ ಬಂದಿತ್ತು. ಮಲ್ಕೋವಾಲಿನಲ್ಲಿ ಸೀಸೆಯನ್ನು ತೆರೆಯುವಾಗಲೇ ರೋಗಾಣು ಸೇರಿರುವ ಸಂಭವ ಹೆಚ್ಚೆಂದು ಅವರು ತೀರ್ಮಾನಿಸಿದರು. ಇಷ್ಟಾದರೂ ದೋಷಮುಕ್ತಿ ಕೂಡಲೇ ಸಿಗಲಿಲ್ಲ. ಕಾಗದಪತ್ರಗಳು ಪ್ರಕಟವಾಗಲು 1906ರ ಕೊನೆಯವರೆಗೂ ಕಾಯಬೇಕಾಯಿತು.

ಆಗ ಹಾಫ್‌ಕಿನ್ ಅವರ ಪರವಾಗಿ ನಿಂತವರಲ್ಲಿ ಪ್ರಮುಖರು ಸರ್ ರೊನಾಲ್ಡ್ ರಾಸ್. ಸೊಳ್ಳೆಯಿಂದ ಮಲೇರಿಯಾ ಹರಡುವುದನ್ನು ಸಿಕಂದರಾಬಾದಿನಲ್ಲಿ ಕಂಡುಹಿಡಿದು 1902ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಅವರು, ಅದಕ್ಕೆ ಮುಂಚೆ 1895ರಲ್ಲಿ ಬೆಂಗಳೂರಿನಲ್ಲಿ ಕಾಲರಾ ನಿವಾರಣೆಗಾಗಿ ದುಡಿದಿದ್ದವರು. 1907ರಲ್ಲಿ ಅವರು ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಬರೆದು ಈ ಅನ್ಯಾಯವನ್ನು ಬಯಲಿಗೆಳೆದರು. ಅದೇ ವರ್ಷ ಜುಲೈನಲ್ಲಿ ಹತ್ತು ಮಂದಿ ಪ್ರಸಿದ್ಧ ವಿಜ್ಞಾನಿಗಳು ಒಟ್ಟಾಗಿ ಸಹಿ ಮಾಡಿದ ಪತ್ರವೂ ಪ್ರಕಟವಾಯಿತು. ಕೊನೆಗೆ ನವೆಂಬರಿನಲ್ಲಿ ಸರಕಾರವು ಹಾಫ್‌ಕಿನ್ ಅವರನ್ನು ದೋಷಮುಕ್ತರೆಂದು ಒಪ್ಪಿಕೊಂಡಿತು.

ಕೊನೆಯ ದಿನಗಳು

ಹಾಫ್‌ಕಿನ್ ಮತ್ತೆ ಭಾರತಕ್ಕೆ ಬಂದರು. ಆದರೆ ತಾವು ಕಟ್ಟಿ ಬೆಳೆಸಿದ ಪರೇಲಿನ ಪ್ರಯೋಗಶಾಲೆಯು ಅವರಿಗೆ ಮರಳಿ ದೊರೆಯಲಿಲ್ಲ. ಕಲ್ಕತ್ತೆಯಲ್ಲಿ ಕೆಲಸ ದೊರೆಯಿತು. ಅಲ್ಲಿ ಜನರ ಮೇಲೆ ಹೊಸ ಮದ್ದುಗಳನ್ನು ಪರೀಕ್ಷಿಸುವ ಅವಕಾಶವಿರಲಿಲ್ಲ. ಅವರು ದೂರು ಹೇಳುತ್ತ ಕೂರದೆ ತಮ್ಮ ಪಾಲಿನ ಕೆಲಸವನ್ನು ಮಾಡಿದರು. ಐವತ್ತೈದರ ವಯೋಮಿತಿ ಸಮೀಪಿಸಿದಾಗ ನಿವೃತ್ತರಾಗಿ ಯೂರೋಪಿಗೆ ತೆರಳಿದರು. ಮದುವೆಯಾಗದೆ ಒಂಟಿಯಾಗಿಯೇ ಬಾಳಿದ ಅವರು 1930ರ ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ನಿಧನರಾದರು.

ಅವರು ಬದುಕಿರುವಾಗಲೇ, 1925ರಲ್ಲಿ, ಪರೇಲಿನ ಪ್ರಯೋಗಶಾಲೆಗೆ ಹಾಫ್‌ಕಿನ್ ಸಂಸ್ಥೆಯೆಂದು ಹೆಸರಿಡಲಾಯಿತು. 1897ರಿಂದ 1925ರವರೆಗೆ ಅಲ್ಲಿಂದ ಹೊರಟ ಪ್ಲೇಗು ಚುಚ್ಚುಮದ್ದು ಸುಮಾರು 2 ಕೋಟಿ 60 ಲಕ್ಷ ಜನರಿಗೆ ಸಾಕಾಗುವಷ್ಟು. 1964ರಲ್ಲಿ ಭಾರತ ಸರಕಾರವು ಅವರ ನೆನಪಿಗಾಗಿ ಅಂಚೆಚೀಟಿಯನ್ನು ಹೊರಡಿಸಿತು. ಇಂದು ಪ್ಲೇಗಿಗೆ ಹೊಸ ಔಷಧಗಳು ಬಂದಿವೆ. ಬೇಗನೆ ಗುರುತಿಸಿದರೆ ರೋಗಿ ಬದುಕಿಕೊಳ್ಳುತ್ತಾನೆ. ಹಾಫ್‌ಕಿನ್ನರ ಆ ಹಳೆಯ ಮದ್ದನ್ನು ಈಗ ಬಳಸುವುದಿಲ್ಲ.

ನಾವು ಕಲಿಯಬೇಕಾದ ಪಾಠ

ಚಿಮಟ ಬೀಳಿಸಿದ ಸಹಾಯಕನ ಹೆಸರನ್ನು ಇಲ್ಲಿ ಬರೆದಿಲ್ಲ. ಹಾಫ್‌ಕಿನ್ ಅವರ ತಲೆಯಿಂದ ಇಳಿಸಿದ ಹೊರೆಯನ್ನು ಆ ಬಡಪಾಯಿಯ ತಲೆಗೆ ಹೊರಿಸಿದರೆ ನಾವು ಏನನ್ನೂ ಕಲಿತಂತಾಗುವುದಿಲ್ಲ. ಜನಸಂದಣಿ, ಅವಸರ, ಧೂಳು ಇರುವ ಕಡೆ ಯಾರ ಕೈಯಿಂದಲಾದರೂ ಚಿಮಟ ಜಾರಬಹುದು. ಬಿದ್ದ ಸಲಕರಣೆಯನ್ನು ಕಾಯಿಸದೆ ಮುಟ್ಟಬಾರದೆಂಬ ನಿಯಮವನ್ನು ಎಲ್ಲರೂ ಪಾಲಿಸುವಂತೆ ನೋಡಿಕೊಳ್ಳುವವರು ಅಲ್ಲಿ ಇದ್ದರೇ? ಒಂದೇ ಸೀಸೆಯಲ್ಲಿ ಹಲವರ ಮದ್ದು ತುಂಬಿ ಬಯಲಿನಲ್ಲಿ ಬಿರಡೆ ಕೀಳುವ ಪದ್ಧತಿಯೇ ಅಪಾಯಕರವಾಗಿರಲಿಲ್ಲವೇ? ತಾನು ಚಿಮಟ ಬೀಳಿಸಿದೆನೆಂದು ಹೆದರದೆ ಹೇಳುವ ಧೈರ್ಯವನ್ನು ಮೇಲಿನವರು ಅವನಿಗೆ ಕೊಟ್ಟಿದ್ದರೇ? ಇಂಥ ಪ್ರಶ್ನೆಗಳನ್ನು ಕೇಳಿದಾಗ ಮಾತ್ರ ಮುಂದಿನ ಹಳ್ಳಿಯ ಹತ್ತೊಂಬತ್ತು ಜನ ಉಳಿಯುತ್ತಾರೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡೆಂದು ಹಿರಿಯರು ಹೇಳಿದ್ದಾರೆ. ವಿಚಾರಣಾ ಮಂಡಲಿ ಹಾಗೆ ನೋಡಿದ್ದರೆ ಹಾಫ್‌ಕಿನ್ ಅವರ ಐದು ವರ್ಷಗಳು ವ್ಯರ್ಥವಾಗುತ್ತಿರಲಿಲ್ಲ.

ಇಂದಿನ ಆಸ್ಪತ್ರೆಗಳು ಈ ದಾರಿಯಲ್ಲಿ ಬಹಳ ಮುಂದೆ ಬಂದಿವೆ. ಒಮ್ಮೆ ಬಳಸಿ ಎಸೆಯುವ ಸೂಜಿಗಳು ಬಂದಿವೆ. ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಯ ಹೆಸರು, ಶಸ್ತ್ರಕ್ರಿಯೆಯ ಜಾಗ, ಒಗ್ಗದ ಔಷಧ ಮುಂತಾದವನ್ನು ಗಟ್ಟಿಯಾಗಿ ಓದಿ ಖಚಿತಪಡಿಸಿಕೊಳ್ಳುವ ಪಟ್ಟಿಯನ್ನು ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ ಜಗತ್ತಿಗೆ ಕೊಟ್ಟಿತು. 2019ರಿಂದ ಪ್ರತಿ ವರ್ಷ ಸೆಪ್ಟೆಂಬರ್ 17ನ್ನು ರೋಗಿಗಳ ಸುರಕ್ಷತೆಯ ದಿನವೆಂದು ಆಚರಿಸಲಾಗುತ್ತಿದೆ. ಆದರೂ ತುರ್ತು ಚಿಕಿತ್ಸೆಯ ಕೋಣೆಯಲ್ಲಿ ಮಲ್ಕೋವಾಲಿನ ಅವಸರ ಇಂದಿಗೂ ಇದ್ದೇ ಇದೆ. ರೋಗಿಗೆ ಪ್ರಜ್ಞೆ ಇರುವುದಿಲ್ಲ, ಬಂಧುಗಳು ಗಾಬರಿಯಲ್ಲಿರುತ್ತಾರೆ, ವೈದ್ಯರಿಗೆ ರೋಗಿಯ ಪೂರ್ವವೃತ್ತಾಂತ ತಿಳಿದಿರುವುದಿಲ್ಲ.

ನಮ್ಮ ಶಂಕಗಿರಿಯು ಸೇಲಂ–ಕೊಯಮತ್ತೂರು ಹೆದ್ದಾರಿಯ ಮೇಲಿದೆ. ಲಾರಿಗಳ ಉದ್ಯಮಕ್ಕೆ ಹೆಸರಾಗಿದೆ. ಎಷ್ಟೋ ಮನೆಗಳ ತಂದೆಯಂದಿರು, ಅಣ್ಣಂದಿರು ರಸ್ತೆಯ ಮೇಲೆಯೇ ಜೀವನ ಸಾಗಿಸುವವರು. ರಸ್ತೆಯಲ್ಲಿ ಬಿದ್ದು ಗಾಯವಾದಾಗ ಆಸ್ಪತ್ರೆಯಲ್ಲಿ ಹಾಕುವ ಟಿ.ಟಿ. ಚುಚ್ಚುಮದ್ದು ಎಲ್ಲರಿಗೂ ಗೊತ್ತು. ಅದು ಮಲ್ಕೋವಾಲಿನ 19 ಜನರನ್ನು ಕೊಂದ ಧನುರ್ವಾಯುವನ್ನು ತಡೆಯುವ ಮದ್ದು. ಆ ಹಳ್ಳಿಗರ ಕಾಲದಲ್ಲಿ ಅದು ಇರಲಿಲ್ಲ, ನಮಗೆ ಇದೆ. ಮಣ್ಣು ತಾಗಿದ ಗಾಯವನ್ನು ಅಲಕ್ಷ್ಯ ಮಾಡದೆ ಅದನ್ನು ಹಾಕಿಸಿಕೊಳ್ಳಬೇಕು.

ತಪ್ಪುಗಳನ್ನು ತಡೆಯುವ ಕೆಲಸ ವೈದ್ಯರದು ಮಾತ್ರವೆಂದು ತಿಳಿಯಬಾರದು. ಅಪಘಾತವಾದಾಗ 108ಕ್ಕೆ ಕರೆ ಮಾಡಿ ಸ್ಥಳವನ್ನು ಸ್ಪಷ್ಟವಾಗಿ ಹೇಳುವುದು, ಮನೆಯವರು ಸೇವಿಸುತ್ತಿರುವ ಮಾತ್ರೆಗಳ ಹೆಸರನ್ನು ಒಂದು ಚೀಟಿಯಲ್ಲಿ ಬರೆದಿಡುವುದು, ಯಾವ ಔಷಧ ಮೈಗೆ ಒಗ್ಗುವುದಿಲ್ಲವೆಂಬುದನ್ನು ಮೊದಲೇ ತಿಳಿಸುವುದು, ರೋಗಿಯ ಹೆಸರನ್ನು ಪೂರ್ತಿಯಾಗಿ ಹೇಳುವುದು, ಸಂದೇಹ ಬಂದರೆ ವಿನಯದಿಂದ ಕೇಳುವುದು, ಇವೆಲ್ಲ ನಮ್ಮ ಕರ್ತವ್ಯಗಳು. ಅಪ್ಪ ಅಮ್ಮನಿಗೆ ಚೀಟಿ ಓದಲು ಬಾರದಿದ್ದರೆ ಓದಿ ಹೇಳುವ ಕೆಲಸ ಮಕ್ಕಳದು.

ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಕೆಲವರು ನಾಳೆ ವೈದ್ಯರಾಗುವಿರಿ, ದಾದಿಯರಾಗುವಿರಿ, ಔಷಧಶಾಲೆಗಳಲ್ಲಿ ದುಡಿಯುವಿರಿ, ಆಂಬುಲೆನ್ಸ್ ಓಡಿಸುವಿರಿ. ಮದ್ದನ್ನು ಮೊದಲು ತಮ್ಮ ಮೈಗೆ ಚುಚ್ಚಿಕೊಂಡ ಹಾಫ್‌ಕಿನ್ ಅವರ ಹೊಣೆಗಾರಿಕೆ ನಿಮ್ಮಲ್ಲಿರಲಿ. ಕೆಳಗೆ ಬಿದ್ದ ಚಿಮಟವನ್ನು ಕಂಡಾಗ, ಎಷ್ಟೇ ಜನ ಕಾದು ನಿಂತಿದ್ದರೂ, ಕೆಲಸ ನಿಲ್ಲಿಸಿ ಅದನ್ನು ಶುದ್ಧಿಮಾಡುವ ತಾಳ್ಮೆ ಇರಲಿ. ಜೊತೆಯವನು ತನ್ನಿಂದ ತಪ್ಪಾಯಿತೆಂದು ಬಂದು ಹೇಳಿದರೆ, ಅವನನ್ನು ಗದರಿಸದೆ ಕುಳಿತು ಕೇಳುವ ದೊಡ್ಡ ಮನಸ್ಸೂ ಇರಲಿ.